ಎಡ ಅಂಚಿನಲ್ಲಿದ್ದ ಕೈ

ದೇವಣಗಾಂವದ ಮಲ್ಲಪ್ಪ ಯಾರ ಜೊತೆಗೂ ಓಡಿ ಹೋಗಿಲ್ಲ. ಅವನು ಭೀಮಾ ನದಿಯಲ್ಲಿ ಮುಳುಗಿ ಸತ್ತ. ಅದನ್ನು ಕಂಡವನು ನಾನೊಬ್ಬನೇ — ಕಂಡೆ ಅನ್ನುವುದೂ ಪೂರ್ತಿ ನಿಜವಲ್ಲ, ಕಾಣುತ್ತಿದ್ದಾಗಲೇ ಬೆನ್ನು ತಿರುಗಿಸಿದೆ. ಕ್ಯಾಮೆರಾದ ಲೆನ್ಸ್ ಬದಲಾಯಿಸುತ್ತಿದ್ದೆ. ಮೂರು ವರ್ಷ ಈ ಮಾತನ್ನು ಯಾರ ಮುಂದೆಯೂ ಆಡಲಿಲ್ಲ. ಅವನ ಹೆಂಡತಿ ಕಾಶವ್ವ ನನ್ನೆದುರು ಕೂತು ಅತ್ತಾಗಲೂ ಆಡಲಿಲ್ಲ.

ಸಿಂದಗಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ನಮ್ಮದು ಅರ್ಧ ಮರಾಠಿ, ಅರ್ಧ ಕನ್ನಡ ಮಾತಾಡುವ ಮನೆ, ಅಪ್ಪ ಮಾಸ್ತರರು. ಅವರ ಮಗ ಮದುವೆ ಮನೆಗಳಲ್ಲಿ ಫೋಟೋ ಹೊಡೆಯುತ್ತ ತಿರುಗುವುದೇ ಎಂದು ನೆಂಟರು ಮೂಗು ಮುರಿದರು. ಅದಕ್ಕೇ ನನಗೆ ಹಟ ಬಂತು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ — ಎಲ್ಲಿ ಹೋದರೂ ‘ಸಿಂದಗಿ ರಾಯರ ಫೋಟೋ’ ಅಂದರೆ ಬೇರೆ ಎಂದು ಜನ ಹೇಳಬೇಕು, ಹೇಳುತ್ತಲೂ ಇದ್ದರು. ಸೊಕ್ಕಿತ್ತು ನನಗೆ. ಮುಂದಿನದಕ್ಕೆಲ್ಲ ಮೂಲ ಅದೇ ಇರಬೇಕು.

ಎರಡು ಸಾವಿರದ ಆರನೆಯ ಇಸವಿ. ಸೋಲಾಪುರದಲ್ಲಿ ಅಪ್ಪನ ಹಳೆಯ ಗೆಳೆಯರೊಬ್ಬರು, ವಯಸ್ಸಾದ ಡಾಕ್ಟರು, ತಮ್ಮ ಡಿಜಿಟಲ್ ರೇಂಜ್‌ಫೈಂಡರ್ ಕ್ಯಾಮೆರಾವನ್ನು ನನಗೆ ಕೊಡುತ್ತೇನೆಂದು ಕರೆಸಿದರು. ಅಂಥದ್ದನ್ನು ನಾನು ಕೈಯಲ್ಲಿ ಹಿಡಿದಿದ್ದು ಅದೇ ಮೊದಲು. ಅದರಲ್ಲಿ ಲೆನ್ಸಿನ ಮೂಲಕ ನೋಡುವುದಿಲ್ಲ. ಪಕ್ಕದ ಒಂದು ಗಾಜಿನ ಕಿಂಡಿಯಲ್ಲಿ ಕಣ್ಣಿಡಬೇಕು. ಕಿಂಡಿಯ ನಟ್ಟನಡುವೆ ಎದುರಿನ ಮನುಷ್ಯ ಇಬ್ಬರಾಗಿ ಕಾಣುತ್ತಾನೆ — ಒಬ್ಬ ಗಟ್ಟಿ, ಇನ್ನೊಬ್ಬ ತೆಳು. ಲೆನ್ಸಿನ ಉಂಗುರ ತಿರುಗಿಸುತ್ತ ಹೋದರೆ ತೆಳುವಿನವನು ಮೆಲ್ಲಗೆ ಸರಿದು ಬಂದು ಗಟ್ಟಿಯವನೊಳಗೆ ಸೇರಿಕೊಳ್ಳುತ್ತಾನೆ. ಆಗ ಗುಂಡಿ ಒತ್ತಬೇಕು. ಡಾಕ್ಟರ ಕಣ್ಣಿಗೆ ಪೊರೆ ಬಂದು, ಆ ಇಬ್ಬರು ಕೂಡುವುದೇ ಅವರಿಗೆ ಕಾಣದಾಗಿತ್ತು.

ಇನ್ನೊಂದನ್ನು ಈಗಲೇ ಹೇಳಬೇಕು. ಫೋಟೋದಲ್ಲಿ ಎಷ್ಟು ಬರುತ್ತದೆ ಎಂದು ತೋರಿಸಲು ಆ ಕಿಂಡಿಯೊಳಗೆ ಬಿಳಿ ಗೆರೆಯ ಚೌಕಟ್ಟೊಂದಿರುತ್ತದೆ. ಗೆರೆಯ ಹೊರಗೆ ಇರುವುದೂ ಕಣ್ಣಿಗೆ ಕಾಣುತ್ತಲೇ ಇರುತ್ತದೆ. ಫೋಟೋಕ್ಕೆ ಬರದವರೂ ಅಲ್ಲಿ ನಿಂತಿರುತ್ತಾರೆ.

ಡಾಕ್ಟರ ಬಳಿ ಎರಡು ಲೆನ್ಸುಗಳಿದ್ದವು: ಮೂವತ್ತೈದರದು, ಐವತ್ತರದು. ಮೂವತ್ತೈದು ಅಗಲವಾಗಿ ನೋಡುತ್ತದೆ, ಐವತ್ತು ಸ್ವಲ್ಪ ಇಕ್ಕಟ್ಟಾಗಿ. ‘ಒಂದನ್ನು ನಾನು ನೆನಪಿಗೆ ಇಟ್ಟುಕೊಳ್ಳುತ್ತೇನೆ. ನಿನಗೆ ಯಾವುದು ಬೇಕು, ಎಂಟು ದಿನ ನೋಡಿ ಹೇಳು’ ಎಂದು ಮರಾಠಿಯಲ್ಲಿ ಅಂದರು. ‘ದಿನನಿತ್ಯಕ್ಕೆ ಒಂದೇ ಲೆನ್ಸ್ ಸಾಕು. ಒಂದೇ ಇದ್ದರೆ ಎಲ್ಲಿ ನಿಲ್ಲಬೇಕು ಅನ್ನುವುದು ಕಾಲಿಗೇ ತಿಳಿಯುತ್ತದೆ.’

ಎಲ್ಲಿ ನಿಲ್ಲಬೇಕು ಅನ್ನುವುದು! ಅದೊಂದೇ ನನಗೆ ತಿಳಿಯಲಿಲ್ಲ.

ನಾಗರ ಪಂಚಮಿಯ ಹಿಂದಿನ ದಿನ ಬೆಳಿಗ್ಗೆ ಎರಡೂ ಲೆನ್ಸು ಚೀಲಕ್ಕೆ ಹಾಕಿಕೊಂಡು ದೇವಣಗಾಂವದ ಹೊಳೆದಂಡೆಗೆ ಹೋದೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಭೀಮೆ ಮಣ್ಣಿನ ಬಣ್ಣಕ್ಕೆ ತಿರುಗಿ, ಸದ್ದಿಲ್ಲದೆ ಏರುತ್ತಿದ್ದಳು. ದಂಡೆಯ ಹುಣಸೆ ಮರಕ್ಕೆ ಪಂಚಮಿಯ ಜೋಕಾಲಿ ಕಟ್ಟಿದ್ದರು. ಹೆಣ್ಣುಮಕ್ಕಳು ಇನ್ನೂ ಬಂದಿರಲಿಲ್ಲ. ಖಾಲಿ ಜೋಕಾಲಿ ತನ್ನಷ್ಟಕ್ಕೆ ಒಂದಿಷ್ಟು ಆಚೆ, ಒಂದಿಷ್ಟು ಈಚೆ ಆಡುತ್ತಿತ್ತು. ಗಾಳಿ ಅಷ್ಟೇನೂ ಇರಲಿಲ್ಲ. ಈಗ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ. ಆಗ ಮಾತ್ರ ಒಳ್ಳೇ ಫೋಟೋ ಸಿಕ್ಕಿತು ಅಂದುಕೊಂಡೆ.

ಐವತ್ತರ ಲೆನ್ಸ್ ಹಾಕಿದ್ದೆ. ಹಗ್ಗದ ಎರಡು ಬಿಂಬ ಒಂದಾಗುವಂತೆ ಉಂಗುರ ತಿರುಗಿಸಿ ಗುಂಡಿ ಒತ್ತಿದೆ. ಒತ್ತುವಾಗಲೇ ಎಡಗಡೆ, ಬಿಳಿ ಗೆರೆಯ ಹೊರಗೆ, ನೀರಿನಲ್ಲಿ ಒಬ್ಬ ಮನುಷ್ಯ ಕಂಡ. ಇಪ್ಪತ್ತು ಮಾರು ದೂರ ಇರಬಹುದು. ಎದೆಮಟ್ಟ ನೀರು. ತಲೆಯ ಮೇಲೆ ಕೆಂಪು ವಸ್ತ್ರದ ಗಂಟು, ಅದನ್ನು ಹಿಡಿದ ಎಡಗೈ. ಬಲಗೈಯನ್ನು ಮೇಲಕ್ಕೆತ್ತಿದ್ದ, ನನ್ನ ಕಡೆಗೇ.

ಕ್ಯಾಮೆರಾ ಕಂಡರೆ ನಮ್ಮ ಕಡೆ ಎಲ್ಲರೂ ಕೈ ಎತ್ತುತ್ತಾರೆ — ಹೊಲದಲ್ಲಿದ್ದವರು, ಟ್ರಾಕ್ಟರಿನ ಮೇಲಿದ್ದವರು, ಎಮ್ಮೆ ಕಾಯುವವರು. ಇವನೂ ಹಾಗೆಯೇ ಅಂದುಕೊಂಡೆ. ಏರಿದ ಹೊಳೆ, ಖಾಲಿ ಜೋಕಾಲಿ, ತಲೆಯ ಮೇಲೆ ಗಂಟು ಹೊತ್ತು ದಾಟುವ ಮನುಷ್ಯ — ಮೂರೂ ಒಂದೇ ಫೋಟೋದಲ್ಲಿ ಬರಬೇಕು. ಐವತ್ತರಲ್ಲಿ ಹಿಡಿಸುವುದಿಲ್ಲ. ಮೂವತ್ತೈದು ಹಾಕಬೇಕು.

ಡಿಜಿಟಲ್ ಕ್ಯಾಮೆರಾದ ಲೆನ್ಸ್ ಬಿಚ್ಚುವಾಗ ಗಾಳಿಗೆ ಬೆನ್ನು ಕೊಟ್ಟು, ಕುಕ್ಕರಗಾಲಲ್ಲಿ ಕೂತು, ಮೈಯ ಮರೆಯಲ್ಲಿ ಬಿಚ್ಚಬೇಕು; ಒಳಗೆ ಒಂದು ಕಣ ಧೂಳು ಕೂತರೆ ಮುಂದಿನ ಎಲ್ಲ ಫೋಟೋದಲ್ಲೂ ಅದೇ ಕಲೆ. ಡಾಕ್ಟರು ಹತ್ತು ಸಲ ಹೇಳಿಕೊಟ್ಟಿದ್ದರು. ಇದ್ದಷ್ಟು ಗಾಳಿಯೂ ಹೊಳೆಯ ಕಡೆಯಿಂದಲೇ ಬರುತ್ತಿತ್ತು. ಹಾಗಾಗಿ ಹೊಳೆಗೆ ಬೆನ್ನು ಮಾಡಿ ಕೂತೆ. ಒಂದನ್ನು ಬಿಚ್ಚಿ, ಮುಚ್ಚಳ ಹಾಕಿ, ಇನ್ನೊಂದನ್ನು ತಿರುಗಿಸಿ ಕೂಡಿಸಿ… ಒಂದು ನಿಮಿಷ. ಒಂದೂವರೆ ಇರಬಹುದು.

ಎದ್ದು ತಿರುಗಿದಾಗ ನೀರಿನಲ್ಲಿ ಯಾರೂ ಇರಲಿಲ್ಲ.

ಕಿಂಡಿಯಲ್ಲಿ ಕಣ್ಣಿಟ್ಟೆ — ಯಾಕಿಟ್ಟೆನೋ! ಬರೀ ಕಣ್ಣಿಂದ ನೋಡಬೇಕೆಂದು ಹೊಳೆಯಲೇ ಇಲ್ಲ. ಉಂಗುರ ತಿರುಗಿಸಿದೆ. ಆ ಕಿಂಡಿಗೆ ಒಂದು ಗೆರೆಯೋ, ಕಂಬವೋ, ಮುಖವೋ ಬೇಕು, ಕೂಡಿಸಲಿಕ್ಕೆ. ಬರೀ ನೀರಿನಲ್ಲಿ ಕೂಡಿಸಲು ಏನೂ ಇರಲಿಲ್ಲ. ಆಚೆ ದಂಡೆ ಮುಟ್ಟಿರಬೇಕು ಅಂದುಕೊಂಡೆ. ಅಷ್ಟು ಹೊತ್ತಿನಲ್ಲಿ ಯಾವ ಮನುಷ್ಯನೂ ಆಚೆ ದಂಡೆ ಮುಟ್ಟಲಾರ ಎನ್ನುವುದು ನನಗೆ ಆಗಲೇ ಗೊತ್ತಿತ್ತು. ಕೂಗಲಿಲ್ಲ. ಊರೊಳಗೆ ಓಡಲಿಲ್ಲ. ಜೋಕಾಲಿ ಇನ್ನೂ ಆಡುತ್ತಿತ್ತು. ಖಾಲಿ ನೀರಿನದೊಂದು ಫೋಟೋ ತೆಗೆದು, ಸಿಂದಗಿಗೆ ಮರಳಿ ಊಟ ಮಾಡಿದೆ. ಹೌದು, ಊಟ ಮಾಡಿದೆ.

ಸಂಜೆ ಕಂಪ್ಯೂಟರಿನಲ್ಲಿ ಫೋಟೋ ತೆರೆದಾಗ ಜೋಕಾಲಿಯ ಫೋಟೋದ ಎಡ ಅಂಚಿನಲ್ಲಿ ಅವನಿದ್ದ. ಇರಬಾರದಿತ್ತು; ಅವನು ಗೆರೆಯ ಹೊರಗಿದ್ದ, ನಾನೇ ನೋಡಿದ್ದೆ. ಆಮೇಲೆ ತಿಳಿಯಿತು — ದೂರದ್ದನ್ನು ತೆಗೆಯುವಾಗ ಆ ಬಿಳಿ ಗೆರೆಗಳು ಅಷ್ಟು ಕರಾರುವಾಕ್ಕಲ್ಲ. ಗೆರೆ ತೋರಿಸುವುದಕ್ಕಿಂತ ಸ್ವಲ್ಪ ಹೆಚ್ಚೇ ಫೋಟೋಕ್ಕೆ ಬಂದುಬಿಡುತ್ತದೆ. ಕಾರಣ ತಿಳಿದ ಮೇಲೂ ಆ ಸಂಜೆಯ ಹೆದರಿಕೆ ಹೋಗಿಲ್ಲ. ದೊಡ್ಡದು ಮಾಡಿ ನೋಡಿದೆ. ನೀರು ಎದೆಮಟ್ಟ ಇರಲಿಲ್ಲ, ಗದ್ದಕ್ಕೆ ಬಂದಿತ್ತು. ಬಾಯಿ ತೆರೆದಿತ್ತು. ಎತ್ತಿದ ಕೈಗೆ ಹೆಬ್ಬೆರಳಿರಲಿಲ್ಲ.

ಒಂಬತ್ತನೆಯ ದಿನ ಕಾಶವ್ವ ಸ್ಟುಡಿಯೋಕ್ಕೆ ಬಂದಳು. ಆಕೆಯನ್ನು ನಾನು ಹಿಂದೆ ಕಂಡಿರಲಿಲ್ಲ. ಸೆರಗಿನಲ್ಲಿ ಸುತ್ತಿ ತಂದ ತನ್ನ ಮದುವೆಯ ಫೋಟೋ ಮುಂದಿಟ್ಟು, ಗಂಡನ ಮುಖವಷ್ಟೇ ದೊಡ್ಡದು ಮಾಡಿಕೊಡಬೇಕು ಅಂದಳು. ಸಾವಿನ ಫೋಟೋ ಎಂದು ಭಾವಿಸಿ ನಾನು ಚೌಕಟ್ಟಿನ ಮಾತು ತೆಗೆದೆ.

“ಮಾಲಿ ಹಾಕಾಕಲ್ರಿ ರಾಯರ, ಹುಡಕಾಕ. ಪಂಚಮಿ ಹಿಂದಿನ ದಿನ ಇಂಡಿ ಸಂತಿಗಿ ಹೋಗಿ ಬರ್ತೇನಿ ಅಂತ ಹ್ವಾದಂವ ಬಂದಿಲ್ಲ. ಡಬ್ಬ್ಯಾಗಿನ ಪಂಚಮಿ ಉಂಡಿ ಕಟಗೊಂಡು ಹೋಗ್ಯಾನ. ದೂರದ ದಾರಿಗೇ ಹೋಗ್ಯಾನ, ಯಾಕಿನ್ನೋ ಕರಕೊಂಡು ಓಡಿ ಹೋಗ್ಯಾನ ಅಂತಾರ ಮಂದಿ. ನನ್ನ ಗಂಡ ಅಂಥಾಂವಲ್ರಿ.”

ಹುಡುಕುವ ಚೀಟಿಯನ್ನು ನಾನೇ ಬರೆದು ಟೈಪ್ ಮಾಡಿದೆ. ಗುರುತೇನಾದರೂ ಇದೆಯೇ ಎಂದು ಕೇಳಿದೆ.

“ಬಲಗೈ ಹೆಬ್ಬಟ್ಟಿಲ್ರಿ. ಮೇವು ಕತ್ತರಿಸೋ ಮಿಷಿನ್ಯಾಗ ಹ್ವಾತು.”

‘ಕಾಣೆಯಾಗಿದ್ದಾರೆ. ಗುರುತು: ಬಲಗೈ ಹೆಬ್ಬೆರಳು ಇಲ್ಲ.’ ಅದೇ ಕಂಪ್ಯೂಟರಿನಲ್ಲಿ ಟೈಪ್ ಮಾಡಿದೆ. ಆ ಕೈ ಅದೇ ಕಂಪ್ಯೂಟರಿನೊಳಗಿತ್ತು. ನಾಲ್ಕು ಸಲ ಮೌಸ್ ಒತ್ತಿದ್ದರೆ ತೆರೆಯುತ್ತಿತ್ತು. ‘ನೋಡ್ಕೋತ ನಿಂತಿದ್ದೇನು?’ ಎಂದು ಪೊಲೀಸರು ಕೇಳುತ್ತಾರೆ, ಮುಂದೆ ಯಾರೂ ಮದುವೆಗೆ ಕರೆಯುವುದಿಲ್ಲ — ಇಂಥವೇ ತಲೆಯಲ್ಲಿ ಸುಳಿದವು. ಆಕೆಯ ಕಣ್ಣೀರು ಮೇಜಿನ ಗಾಜಿನ ಮೇಲೆ ಬಿದ್ದಿತ್ತು. ಆಕೆ ಹೋದ ಮೇಲೆ ಒರೆಸಿದೆ.

ಮರುದಿನವೇ ಸೋಲಾಪುರಕ್ಕೆ ಹೋಗಿ ಮೂವತ್ತೈದನ್ನು ಮರಳಿಸಿದೆ. ‘ಐವತ್ತೇ ಯಾಕೆ?’ ಎಂದರು ಡಾಕ್ಟರು. ‘ಮುಖ ಚೆನ್ನಾಗಿ ಬರುತ್ತದೆ’ ಎಂದೆ. ಫೋಟೋ ತೆಗೆಯುವ ಗೆಳೆಯರಿಗೂ ಅದನ್ನೇ ಹೇಳುತ್ತ ಬಂದೆ. ಒಂದೇ ಲೆನ್ಸಿನಲ್ಲಿ ಬದುಕುವುದು ಎಂಥ ಶಿಸ್ತು ಎಂದು ಭಾಷಣವನ್ನೂ ಬಿಗಿದೆ. ನಿಜ ಇಷ್ಟೇ: ಇನ್ನು ಮುಂದೆ ಅಗಲವಾಗಿ ನೋಡುವುದು ನನಗೆ ಬೇಡವಾಗಿತ್ತು. ಇನ್ನೊಮ್ಮೆ ಲೆನ್ಸ್ ಬಿಚ್ಚುವ ಧೈರ್ಯವೂ ಇರಲಿಲ್ಲ.

ಆದರೆ ಐವತ್ತರ ಗೆರೆ ಚಿಕ್ಕದು, ಅದರ ಹೊರಗೆ ಜಾಗ ಬಹಳ. ಮುದ್ದೇಬಿಹಾಳದ ಒಂದು ಮದುವೆಯಲ್ಲಿ ಮೊದಲ ಸಲ ಕಂಡಿತು — ಅಕ್ಷತೆಯ ಹೊತ್ತು, ಗೆರೆಯಾಚೆ ಎಡಗಡೆ, ಕುಳಿತವರ ತಲೆಗಳ ನಡುವೆ ಒಂದು ಕೈ ಮೇಲಕ್ಕೆದ್ದಿತ್ತು. ಕ್ಯಾಮೆರಾ ಇಳಿಸಿದೆ; ಯಾರೂ ಕೈ ಎತ್ತಿರಲಿಲ್ಲ. ಬಾಗೇವಾಡಿಯ ಒಂದು ಶಾಲೆಯಲ್ಲಿ ಮಕ್ಕಳ ಸಾಲಿನಾಚೆ ಕಂಡಿತು. ಮನಗೂಳಿಯಲ್ಲಿ ಹೊಸ ಅಂಗಡಿಯ ಪೂಜೆಗೆ ಹೋದಾಗ, ಗೋಡೆಯಷ್ಟೇ ಇದ್ದ ಕಡೆ ಕಂಡಿತು. ಉಂಗುರ ತಿರುಗಿಸಿದರೆ ಉಳಿದವರ ಎರಡು ಬಿಂಬ ಒಂದಾಗುತ್ತಿದ್ದವು. ಅದು ಮಾತ್ರ ತೆಳ್ಳಗೆ, ಬೇರೆಯಾಗಿ, ಅಲ್ಲೇ ನಿಂತಿರುತ್ತಿತ್ತು. ನನ್ನ ಭ್ರಮೆ ಎನ್ನಿ, ನಾನು ವಾದಿಸುವುದಿಲ್ಲ. ಫೋಟೋದಲ್ಲಿ ಒಮ್ಮೆಯೂ ಬಂದಿಲ್ಲ. ಆದರೂ ಈ ಮೂರು ವರ್ಷ ಎಡ ಅಂಚನ್ನು ಎರಡು ಬೆರಳಷ್ಟು ಕತ್ತರಿಸದೆ ನಾನು ಯಾರಿಗೂ ಫೋಟೋ ಕೊಟ್ಟಿಲ್ಲ. “ನನ್ನ ಅರ್ಧ ಭುಜ ಎಲ್ರಿ ರಾಯರ?” ಎಂದು ಮುದ್ದೇಬಿಹಾಳದ ಮದುಮಗಳ ಅಣ್ಣ ಜಗಳಕ್ಕೇ ಬಂದಿದ್ದ. ಅವನಿಗೆ ಏನು ಹೇಳಲಿ?

ಕಾಶವ್ವ ವರ್ಷಕ್ಕೆ ಎರಡು ಮೂರು ಸಲ ಬರುತ್ತಿದ್ದಳು. ಪಂಢರಪುರದಲ್ಲಿ ಕಂಡನಂತೆ, ಅಗರಖೇಡದ ಕಡೆ ಕಂಡನಂತೆ — ಹೀಗೆ ಯಾರೋ ಹೇಳಿದ್ದನ್ನು ನಂಬಿ ಹೋಗಿ, ಬರಿಗೈಯಲ್ಲಿ ಬಂದು, ಇನ್ನಷ್ಟು ಚೀಟಿ ಒಯ್ಯುತ್ತಿದ್ದಳು. ಕುಂಕುಮ, ಬಳೆ ಹಾಗೇ ಇದ್ದವು. ಈ ಬೇಸಿಗೆಯಲ್ಲಿ ಮಗಳಿಗೆ ಗೊತ್ತಾದ ಸಂಬಂಧ ಮುರಿಯಿತು. ಅಪ್ಪ ಓಡಿಹೋದ ಮನೆಯ ಹುಡುಗಿ ಬೇಡ ಎಂದರಂತೆ. ಅದನ್ನು ಹೇಳುವಾಗ ಆಕೆ ಅಳಲಿಲ್ಲ. ಗಂಡನ ಮೇಲೆ ಮೊದಲ ಸಲ ಸಿಟ್ಟು ಮಾಡಿದಳು: “ಹೋಗಾಂವ ಹೇಳರ ಹೋಗಬೇಕಿಲ್ಲೇನ್ರಿ?”

ಆ ಸಿಟ್ಟನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಅದು ನನಗೆ ಸೇರಬೇಕಾದ ಸಿಟ್ಟು.

ಮರುದಿನ ಬೆಳಿಗ್ಗೆ ಜೋಕಾಲಿಯ ಫೋಟೋವನ್ನು ಅಂಚು ಕತ್ತರಿಸದೆ ದೊಡ್ಡದಾಗಿ ಪ್ರಿಂಟ್ ಮಾಡಿ ದೇವಣಗಾಂವಕ್ಕೆ ಹೋದೆ. ಕಾಶವ್ವ ಬೆಲ್ಲ, ನೀರು ತಂದು ಮುಂದಿಟ್ಟಳು. ಎಲ್ಲವನ್ನೂ ಹೇಳಿ ಫೋಟೋ ಕೊಟ್ಟೆ. ಬಹಳ ಹೊತ್ತು ನೋಡಿದಳು. ಕೈಯನ್ನಲ್ಲ, ಗಂಟನ್ನು.

“ಇದು ನನ್ನ ವಸ್ತ್ರ. ಹೊಳಿ ಆಚಿ ಅಂವನ ತಂಗಿ ಇದ್ದಾಳ್ರಿ. ಆ ವರ್ಷ ಆಕಿನ್ನ ಪಂಚಮಿಗಿ ಕರಿಯೂದು ಬ್ಯಾಡ ಅಂತ ನಾನ ಜಗಳಾ ತಗದಿದ್ದೆ. ನನಗ ಗೊತ್ತಾಗಧಂಗ ಉಂಡಿ ಕೊಡಾಕ ಹೊಂಟಿದ್ದ.” ಆಮೇಲೆ ಬೆರಳನ್ನು ಎಡ ಅಂಚಿಗೆ ತಂದು ಆ ಕೈಯ ಮೇಲೆ ಇಟ್ಟಳು.

“ಅಂವ ಕೈ ಎತ್ತಿದಾಗ ನೀವೇನ ಮಾಡಿದ್ರಿ?”

“ಕರೀಲಿಕ್ಕತ್ತಾನಂತ ನನಗ ತಿಳೀಲಿಲ್ಲ, ಕಾಶವ್ವ” ಅಂದೆ. ಆಕೆ ಕೇಳಿದ್ದು ಅದನ್ನಲ್ಲ.

ನಾನು ಮುಟ್ಟದೇ ಬಿಟ್ಟಿದ್ದ ಬೆಲ್ಲ, ನೀರನ್ನು ಆಕೆ ಎತ್ತಿಕೊಂಡು ಒಳಗೆ ಹೋದಳು. ಬಾಗಿಲಲ್ಲಿ ನಿಂತು, ತಿರುಗದೆ ಹೇಳಿದಳು: “ನನಗಷ್ಟ ಹೇಳಿದ್ರ ಸಾಲಂಗಿಲ್ರಿ. ಓಡಿ ಹೋಗ್ಯಾನ ಅಂದೋರ ಮುಂದೆಲ್ಲಾ ಹೇಳ್ರಿ.”

ಅದಕ್ಕೇ ಇದನ್ನು ಬರೆದೆ. ಪೊಲೀಸರ ಮುಂದೆಯೂ ಹೇಳಿ ಬಂದಿದ್ದೇನೆ. ಫೋಟೋ ಈಗ ಅವರ ಬಳಿಯೂ ಇದೆ. ಆದರೆ ಆ ದಿನ ನಿಮ್ಮ ಪ್ರಶ್ನೆಗೆ ಉತ್ತರ ಕೊಡಲಿಲ್ಲ, ಕಾಶವ್ವ. ಮಗಳು ಇದನ್ನು ಓದಿ ಹೇಳುವಾಗ ನಡುವೆ ಬಿಡದೆ ಇದನ್ನೂ ಓದಲಿ. ನಿಮ್ಮ ಗಂಡ ಕೈ ಎತ್ತಿದಾಗ ನಾನೂ ಕೈ ಎತ್ತಿದೆ. ನಗುತ್ತ, ‘ತಡಿ, ಸ್ವಲ್ಪ ತಡಿ’ ಎಂದು ಸನ್ನೆ ಮಾಡಿ, ಆಮೇಲೆ ಬೆನ್ನು ತಿರುಗಿಸಿದೆ.