ಹೆತ್ತೂರಿನ ನುಗ್ಗೆ, ಲ್ಯಾಬಿನ ಮೇಡಂ

ನಮ್ಮ ಲ್ಯಾಬಿನ ಮೇಡಂ ಅವರ ಎಡಹುಬ್ಬು ಅರ್ಧವೇ ಇತ್ತು. ಸ್ಪಿರಿಟ್ ದೀಪದ ಮೇಲೆ ತೀರಾ ಬಗ್ಗಿ ಕೆಲಸ ಮಾಡುವಾಗ ಸುಟ್ಟಿದ್ದು. "ಈ ಕಡೇದೂ ಅರ್ಧ ಸುಟ್ಕೊಂಡ್ರೆ ಸರಿಸಮ ಆಗುತ್ತೆ ಬಿಡಿ, ರೈಟ್ರೇ" ಎಂದು ನಗುತ್ತಿದ್ದರು. ಅವರ ಬಗ್ಗೆ ಬರೆಯಲು ಎಷ್ಟೋ ಸಲ ಕೂತು ಎದ್ದಿದ್ದೇನೆ. ಬರೆದರೆ ನನ್ನ ವಿಷಯವನ್ನೂ ಬರೆಯಬೇಕಾಗುತ್ತದೆ. ಅದಕ್ಕೇ ಮುಂದೂಡುತ್ತಾ ಬಂದೆ.

ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಬಿಟ್ಟ ಮೇಲೆ ಆನೇಮಹಲ್ ಹತ್ತಿರದ ಒಂದು ಟಿಶ್ಯೂ ಕಲ್ಚರ್ ಲ್ಯಾಬಿನಲ್ಲಿ ಬಾಟಲಿ ತೊಳೆಯುವ ಕೆಲಸಕ್ಕೆ ಸೇರಿದ್ದೆ. ಮೇಡಂ ಸಕಲೇಶಪುರ ಪೇಟೆಯಲ್ಲಿ ಲಾರಿ ಇಟ್ಟುಕೊಂಡಿದ್ದ ಮುಸ್ಲಿಂ ಮನೆತನದವರು. ಹೆತ್ತೂರಿನ ಒಂದು ಹಿತ್ತಲಲ್ಲಿದ್ದ ನುಗ್ಗೆ ಮರದ ಮೇಲೆ ಅವರಿಗೆ ಜೀವ. ಆ ಕಡೆಯ ಮಳೆಗೆ ನುಗ್ಗೆ ಬೇರು ಕೊಳೆತು ಸಾಯುತ್ತದೆ. ಅದೊಂದು ಮಾತ್ರ ನಿಂತಿತ್ತು. ರಕ್ತ ಕಡಿಮೆಯಿದ್ದವರಿಗೆ, ಬಾಣಂತಿಯರಿಗೆ ಅದರ ಸೊಪ್ಪನ್ನೇ ಒಯ್ಯುತ್ತಿದ್ದರು. ಬೀಜದ ಗಿಡಕ್ಕೆ ತಾಯಿಯ ಗುಣ ಬರುವ ಖಾತರಿಯಿಲ್ಲ, ನೆಟ್ಟ ಕೊಂಬೆ ಕೊಳೆಯುತ್ತಿತ್ತು. ಅದಕ್ಕೇ ಮೇಡಂ ಚಿಗುರಿನ ತುಂಡನ್ನು ಬಾಟಲಿಯಲ್ಲಿಟ್ಟು ಒಂದನ್ನು ಹತ್ತು ಮಾಡುತ್ತಿದ್ದರು. ಆ ವರ್ಷದ ಗಾಳಿಮಳೆಗೆ ಮರ ಬುಡಸಮೇತ ಉರುಳಿತು. ಆಮೇಲೆ ಅದು ಉಳಿದದ್ದು ನಮ್ಮ ಬಾಟಲಿಗಳಲ್ಲಿ ಮಾತ್ರ.

ಆಗಲೇ ನನ್ನ ಮಗಳು ಬಾಣಂತನಕ್ಕೆ ಬಂದಿದ್ದಳು. ಬಿದ್ದ ಮರದಿಂದ ಸೊಪ್ಪು ಬಿಡಿಸಿ ಮೇಡಂ ನಮ್ಮ ಮನೆಗೂ ಕೊಟ್ಟರು. ಹೊರಗೆ ಬಿಡದ ಮಳೆ. ಮಗುವಿನ ಬಟ್ಟೆ ಒಲೆಯ ಮೇಲೆ ಕಟ್ಟಿದರೂ ಒಣಗದು. ಸುತ್ತಮುತ್ತ ಬೆಚ್ಚಗೆ, ಒಣಗಿದ್ದ ಜಾಗವೆಂದರೆ ಬಾಟಲಿಗಳಿಗೆ ಟ್ಯೂಬ್‌ಲೈಟ್ ಉರಿಸುವ ನಮ್ಮ ಬೆಳಕಿನ ಕೋಣೆ. ಹೊರಗಿನ ಚಪ್ಪಲಿಯೂ ಅದರೊಳಗೆ ಹೋಗುವಂತಿರಲಿಲ್ಲ. ನಾನು ಭಾನುವಾರ, ಮೇಡಂ ಇಲ್ಲದಾಗ, ರ್ಯಾಕಿನ ಹಿಂದೆ ಹಗ್ಗ ಕಟ್ಟಿ ಬಟ್ಟೆ ಹರವಿದೆ. ಮುಂದಿನ ಭಾನುವಾರವೂ ಹರವಿದೆ.

ಬಟ್ಟೆಯ ಜೊತೆ ಕಣ್ಣಿಗೆ ಕಾಣದ ನುಸಿ ಬಂದು, ಬಾಟಲಿಯಿಂದ ಬಾಟಲಿಗೆ ಹರಿದಾಡಿ ಬೂಷ್ಟು ಅಂಟಿಸಿತ್ತು. ಆ ವಿವರ ನನಗೆ ಆಮೇಲೆ ತಿಳಿಯಿತು. ತಪ್ಪು ನನ್ನದೆಂದು ಅವತ್ತೇ ತಿಳಿದಿತ್ತು. ಮೇಡಂ ಒಂದು ಬಾಟಲಿಯನ್ನು ಬೆಳಕಿಗೆ ಹಿಡಿದರು. ಚಿಗುರಿನ ಸುತ್ತ ಬೂದುಬಣ್ಣದ ನೂಲು. ನುಗ್ಗೆಯ ಒಂದು ಬಾಟಲಿಯೂ ಉಳಿದಿರಲಿಲ್ಲ.

"ರೈಟ್ರೇ, ಒಳಗೆ ಯಾರಾದ್ರೂ ಬಂದಿದ್ರಾ? ನಿಜ ಹೇಳಿ."

"ಯಾರ್ ಬತ್ತಾರಮ್ಮ ಇಲ್ಲಿಗೆ? ಬೀಗದ ಕೈ ನನ್ ಹತ್ರಾನೇ ಐತೆ."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಮಾಲೀಕರು ಬಂದು ಎಲ್ಲರೆದುರು, "ಏನಮ್ಮ, ಕೈ ತೊಳ್ಕೊಳ್ಳೋದನ್ನೂ ನಾವೇ ಹೇಳ್ಕೊಡ್ಬೇಕಾ?" ಎಂದರು. ಮೇಡಂ ತಮ್ಮ ಬೆರಳುಗಳನ್ನು ತಿರುಗಿಸಿ ನೋಡಿಕೊಂಡರು. ಹಗ್ಗ ಇನ್ನೂ ರ್ಯಾಕಿನ ಹಿಂದೆಯೇ ಇತ್ತು. ಯಾರಾದರೂ ಸ್ವಲ್ಪ ಬಗ್ಗಿದ್ದರೆ ಕಾಣುತ್ತಿತ್ತು. ಯಾರೂ ಬಗ್ಗಲಿಲ್ಲ.

ಕೆಟ್ಟ ಬಾಟಲಿಯನ್ನು ಹಾಗೇ ತೆರೆಯುವಂತಿಲ್ಲ, ಬೇಯಿಸಿಯೇ ತೊಳೆಯಬೇಕು. ಮೇಡಂ ಒಂದೊಂದಾಗಿ ಎತ್ತಿ ಕೊಟ್ಟರು. ನಾನು ಆಟೋಕ್ಲೇವ್ ಎನ್ನುವ ದೊಡ್ಡ ಕುಕ್ಕರಿನಲ್ಲಿ ಜೋಡಿಸಿದೆ. ಹಬೆ ಬಿಟ್ಟಾಗ ಬೆಂದ ನುಗ್ಗೆಸೊಪ್ಪಿನ ವಾಸನೆ ಬಂತು. ಮನೆಯಲ್ಲಿ ಮಗಳಿಗೆ ಮಾಡುತ್ತಿದ್ದ ಸಾರಿನದೂ ಅದೇ ವಾಸನೆ. "ನೀವು ಮನೆಗೆ ಹೋಗಿ ರೈಟ್ರೇ, ಕೂಸು ಕಾಯ್ತಿರುತ್ತೆ" ಎಂದರು. ನಾನು ಹೋಗಲಿಲ್ಲ. ಅವರೊಬ್ಬರನ್ನೇ ಆ ಹಗ್ಗದ ಹತ್ತಿರ ಬಿಡಲು ಹೆದರಿಕೆ.

ಆ ತಿಂಗಳೇ ಅವರು ಕೆಲಸ ಬಿಟ್ಟರು. ಮತ್ತೆ ಯಾವ ಲ್ಯಾಬಿಗೂ ಸೇರದೆ, ಅಣ್ಣನ ಲಾರಿ ಆಫೀಸಿನಲ್ಲಿ ಫೋನ್ ಎತ್ತುತ್ತಾ ಕೂತರು. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು, "ಮೊಮ್ಮಗಳು ಹೇಗಿದ್ದಾಳೆ? ನಿಮ್ ಥರಾನೇ ಮಾತು ಕಮ್ಮೀನಾ?" ಎಂದು ಕೇಳಿದರು. ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಬಂದ ಬಸ್ಸು ಹತ್ತಿಬಿಟ್ಟೆ. ಅದು ನಮ್ಮೂರಿನ ಬಸ್ಸೂ ಆಗಿರಲಿಲ್ಲ.

ಕಳೆದ ವರ್ಷ ಅವರು ಕಾಯಿಲೆಯಿಂದ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಅವರ ಅಣ್ಣ ನನ್ನ ಕೈ ಹಿಡಿದು, "ನಿಮ್ಮನ್ನ ಬಾಳ ನೆನೆಸ್ಕೋತಿದ್ಲು ರೈಟ್ರೇ. ಎಲ್ಲಾರೂ ನನ್ ಮೇಲೆ ಬಿದ್ದಾಗ ಕೊನೇ ತನಕ ಪಕ್ಕದಲ್ಲಿ ನಿಂತಿದ್ದು ಅವರೊಬ್ರೇ ಅಂತಿದ್ಲು" ಎಂದರು.

ಸುತ್ತ ಅವರ ಮನೆಯವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಹೌದೆಂದು ತಲೆಯಾಡಿಸಿದೆ.