ತುಕ್ಕು ಹಿಡಿಸುವ ಕೈ

ಎಂಜಿನಿಯರಿಂಗ್ ಕಾಲೇಜು ಸೇರಬೇಕಾದರೆ ಮದ್ರಾಸಿಗೆ ಹೋಗಬೇಕಿತ್ತು. ಅಷ್ಟು ದೂರ ಹೋಗಲಾರದ ನಾವು ಹದಿನೆಂಟು ಮಂದಿ ಮಂಗಳೂರಿನಲ್ಲೇ ಒಂದು ಕೈಗಾರಿಕಾ ಶಾಲೆಯ ಎಂಜಿನಿಯರಿಂಗ್ ತರಗತಿಗೆ ಸೇರಿದೆವು. ಜುಲೈ ಮೊದಲ ವಾರದಿಂದಲೇ ನಾನು ದಿನಚರಿ ಬರೆಯತೊಡಗಿದ್ದೆ. ಅದರ ಮೊದಲ ಪುಟದಲ್ಲಿ ಹೀಗಿದೆ: 'ಕಬ್ಬಿಣ ಉಜ್ಜುವ ಅರವನ್ನು ರಾತ್ರಿಯಿಡೀ ಗಂಜಿತಿಳಿಯಲ್ಲಿ ನೆನೆಸಿದರೆ ಹಲ್ಲು ಚುರುಕಾಗುತ್ತದೆ (ಎರಡನೆಯ ವರ್ಷದವರು ಹೇಳಿದ್ದು).' ಎರಡನೆಯ ಪುಟದಲ್ಲಿ: 'ನೆನೆಸಿದವರು ಏಳು ಮಂದಿ. ತುಕ್ಕು ಹಿಡಿದ ಅರಗಳು ಏಳು.' ಆ ಏಳರಲ್ಲಿ ನನ್ನದೂ ಒಂದು.

ಮೊದಲ ವರ್ಷಕ್ಕೆ ಕೆಲಸ ಒಂದೇ. ಒಂದೂಕಾಲು ಇಂಚಿನ ಒರಟು ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಉಜ್ಜಿ, ಆರೂ ಮುಖ ಸಮತಟ್ಟಾದ, ಸರಿಯಾಗಿ ಒಂದು ಇಂಚಿನ ಘನ ಮಾಡಬೇಕು. ನಾವು ಅದನ್ನು 'ಬೆಲ್ಲದಚ್ಚು' ಎನ್ನುತ್ತಿದ್ದೆವು. ಮೂಲೆಯ ನೇರ ನೋಡುವ ಉಕ್ಕಿನ ಮೂಲೆಮಟ್ಟವನ್ನು ಅದಕ್ಕೆ ಒತ್ತಿ ಕಿಟಕಿಗೆ ಹಿಡಿದರೆ ನಡುವೆ ಬೆಳಕಿನ ಗೆರೆ ಕಾಣಬಾರದು. ಯುದ್ಧದ ಕಾಲವಾದ್ದರಿಂದ ಕಬ್ಬಿಣ ಸಿಗುವುದು ಕಷ್ಟ. ಒಬ್ಬನಿಗೆ ಒಂದೇ ತುಂಡು. ಮಾರ್ಚಿನಲ್ಲಿ ಪರೀಕ್ಷೆ. ಘನ ಒಂದು ಇಂಚಿಗಿಂತ ಸಣ್ಣದಾದರೆ ಅವನು ಮನೆಗೆ, ಸರಿಯಾದರೆ ಮರುದಿನವೇ ಮೆಶಿನ್ ಶಾಪಿಗೆ, ಯಂತ್ರಗಳ ಕೆಲಸಕ್ಕೆ.

ನನ್ನ ಪಕ್ಕದ ವೈಸಿನಲ್ಲಿ, ಕಬ್ಬಿಣ ಕಚ್ಚಿಹಿಡಿಯುವ ಇಕ್ಕಳದಲ್ಲಿ, ಕೆಲಸ ಮಾಡುತ್ತಿದ್ದವನು ಪಣಂಬೂರಿನ ಮೀನುಗಾರರ ಮನೆಯವನು. ಬೆಳಿಗ್ಗೆ ಕೂಳೂರಿನಲ್ಲಿ ದೋಣಿಯಲ್ಲಿ ಹೊಳೆ ದಾಟಿ ನಡೆದೇ ಬರುತ್ತಿದ್ದ. ಬಂದರಿನ ಲಾಂಚಿನಲ್ಲಿ ಎಂಜಿನ್ ನೋಡಿಕೊಳ್ಳುವವನಾಗಬೇಕೆಂಬುದು ಅವನ ಒಂದೇ ಆಸೆ. ಫೇಲಾದರೆ ಮರುದಿನವೇ ಅಪ್ಪನ ಜೊತೆ ಬಲೆಗೆ ಇಳಿಯಬೇಕೆಂದು ಮನೆಯಲ್ಲಿ ಮಾತಾಗಿತ್ತು. ತರಗತಿಯಲ್ಲಿ ಅವನಷ್ಟು ಚೊಕ್ಕವಾಗಿ ಅರ ಹಿಡಿಯುವವರು ಇನ್ನೊಬ್ಬರಿರಲಿಲ್ಲ. ಆಗಸ್ಟ್ ಮುಗಿಯುವಾಗ ಅವನ ಮೂರು ಮುಖ ಮುಗಿದಿತ್ತು, ನನ್ನದು ಮುಕ್ಕಾಲು.

ಆದರೆ ಅವನು ಮುಟ್ಟಿದ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತಿತ್ತು. ಸಂಜೆ ಬೆಳ್ಳಿಯಂತೆ ಹೊಳೆಯುತ್ತಿದ್ದ ಮುಖದಲ್ಲಿ ಬೆಳಿಗ್ಗೆ ಅವನ ಐದೂ ಬೆರಳು ಕೆಂಪಾಗಿ ಮೂಡಿರುತ್ತಿದ್ದವು. ಎಣ್ಣೆ ಹಚ್ಚಿಟ್ಟರೂ ಎಣ್ಣೆಯ ಅಡಿಯಲ್ಲೇ ಮೂಡುತ್ತಿದ್ದವು. ತುಕ್ಕು ತೆಗೆಯಲು ಮತ್ತೆ ಉಜ್ಜಬೇಕು, ಉಜ್ಜಿದಷ್ಟೂ ಘನ ಸಣ್ಣದಾಗುತ್ತದೆ.

ಎರಡನೆಯ ವರ್ಷದವರಿಗೆ ಇದು ಹಬ್ಬ. ಅವನು ಶಾಲೆಯ ಬಾಗಿಲಿಗೆ ಬಂದರೆ ಸಾಕು, ಕೂಗುತ್ತಿದ್ದರು: "ಏ, ಗೇಟು ಮುಟ್ಟಬೇಡ ಮಾರಾಯ! ಅದು ಈ ಮಳೆಗಾಲ ದಾಟಬೇಕು!"

ಅವನು ನಗುತ್ತಲೇ ಗೇಟನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಒಳಗೆ ಬರುತ್ತಿದ್ದ.

ನಾನು ಅವನಿಗಾಗಿ ದಿನಚರಿಯಲ್ಲಿ ಬೇರೆ ಪಟ್ಟಿ ಮಾಡಿದೆ. ದಿನಾಂಕ, ಮಳೆ ಉಂಟೋ ಇಲ್ಲವೋ, ಅವನು ಏನು ತಿಂದ, ಘನದ ಅಳತೆ, ಬೆಳಿಗ್ಗೆ ಎಷ್ಟು ಗುರುತು. ಮೊದಲು ದೋಣಿಯ ಉಪ್ಪುನೀರಿನ ಮೇಲೆ ಸಂಶಯ. ಸೆಪ್ಟೆಂಬರಿನಲ್ಲಿ ಹೊಳೆಗೆ ನೆರೆ ಬಂದು ದೋಣಿ ನಿಂತಾಗ ಅವನು ಕಾವೂರಿನ ನಮ್ಮ ಮನೆಯಲ್ಲಿ ನಾಲ್ಕು ದಿನ ಉಳಿದ. ಗುರುತುಗಳು: ಐದು, ಆರು, ಐದು, ಏಳು. ಆಮೇಲೆ ಒಣಮೀನಿನ ಮೇಲೆ ಸಂಶಯ. ಹತ್ತು ದಿನ ಒಣಮೀನು ಬಿಟ್ಟ. ಗುರುತು ಕಡಿಮೆಯಾಗಲಿಲ್ಲ, ಅವನು ಮಾತ್ರ ಸೊರಗಿದ.

"ನಿನ್ನ ಪಟ್ಟಿ ನನ್ನನ್ನು ಕೊಲ್ತದೆ ಮಾರಾಯ," ಎಂದ.

ಕೊನೆಗೆ ಪಟ್ಟಿಯನ್ನು ನಮ್ಮ ಫಿಟ್ಟಿಂಗ್ ಮೇಸ್ತ್ರಿಯ ಮುಂದಿಟ್ಟೆ. ಅವರು ಕೊಂಕಣಿ ಮಾತನಾಡುವ ಕ್ರೈಸ್ತರು, ನಮ್ಮನ್ನೆಲ್ಲ 'ಪುತಾ', ಮಗನೇ, ಎಂದು ಕರೆಯುವವರು, ಅರ ಹಿಡಿದೇ ಮುದುಕರಾದವರು. ಪುಟ ತಿರುಗಿಸಿ ನೋಡಿ ಅವನ ಅಂಗೈಯನ್ನು ಬೆಳಕಿಗೆ ಹಿಡಿದರು.

"ಇದು ಬೆವರು ಪುತಾ. ಕೆಲವರ ಕೈಯೇ ಹಾಗೆ. ನಾನು ಕಂಡವರಲ್ಲಿ ಇವನು ಮೂರನೆಯವನು."

"ಮೊದಲಿನ ಇಬ್ಬರು ಎಂತ ಮಾಡಿದ್ರು ಸಾರ್?" ಎಂದು ನಾನು ಕೇಳಿದೆ.

"ಒಬ್ಬ ಪಾದ್ರಿ ಆದ. ಇನ್ನೊಬ್ಬ ಬೇಕರಿ ಇಟ್ಟ."

ಅಂದು ಗೆಳೆಯ ನಗಲಿಲ್ಲ. ಘನದಲ್ಲಿ ಉಳಿದಿದ್ದ ಹೆಚ್ಚುವರಿ ಅಳತೆ ಒಂದು ಇಂಚಿನ ಅರವತ್ತನಾಲ್ಕರಲ್ಲಿ ಒಂದು ಪಾಲು. ಎರಡು ಮುಖ ಇನ್ನೂ ಬಾಕಿ.

ದೀಪಾವಳಿ ಮುಗಿಸಿ ಬಂದವನ ಕೈಯಲ್ಲಿ ಅವನ ಮಾವನ ಹಳೆಯ ಮುಟ್ಟಾಳೆ ಇತ್ತು, ಅಡಿಕೆ ಹಾಳೆಯ ಟೊಪ್ಪಿ. ಅದನ್ನು ಕತ್ತರಿಸಿ ಅಂಗೈಯಗಲದ ತುಂಡು ಮಾಡಿದ. ಬಟ್ಟೆಯಾದರೆ ಬೆವರು ಹೀರಿ ಆಚೆ ದಾಟಿಸುತ್ತದೆ, ಹಾಳೆ ದಾಟಿಸುವುದಿಲ್ಲ. ಇನ್ನು ಮುಂದೆ ಹಾಳೆಯಲ್ಲೇ ಹಿಡಿಯುವುದು, ಬರಿಗೈಯಲ್ಲಿ ಘನವನ್ನು ಮುಟ್ಟುವುದೇ ಇಲ್ಲ ಎಂದ.

ಹೇಳುವುದು ಸುಲಭ. ಮುಖದ ಉಬ್ಬುತಗ್ಗು ನಮಗೆಲ್ಲ ತಿಳಿಯುತ್ತಿದ್ದುದೇ ಬೆರಳಿನಿಂದ ಸವರಿ. ಅದನ್ನೇ ಬಿಟ್ಟರೆ ಕಣ್ಣುಕಟ್ಟಿ ನಡೆದಂತೆ. ಮೊದಲ ವಾರ ಅವನ ಕೈ ಅಡ್ಡಾದಿಡ್ಡಿ ಹೋಗಿ ಒಂದು ಅಂಚು ತಗ್ಗಾಯಿತು. ನಾನು ಅಳತೆ ಬರೆಯುವಾಗ ಅವನು ಕಿಟಕಿಯ ಕಡೆ ತಿರುಗಿ ನಿಂತ. ಆಮೇಲೆ ಅವನು ಕಣ್ಣು ಮುಚ್ಚಿ ಉಜ್ಜಲು ಶುರುಮಾಡಿದ. ಉಬ್ಬಿದ ಕಡೆ ಅರ ಎತ್ತರದ ದನಿಯಲ್ಲಿ ಕೂಗುತ್ತದೆ, ಸಮತಟ್ಟಾದಲ್ಲಿ ತಗ್ಗುತ್ತದೆ ಎಂದ. ನಾನು ನಂಬಲಿಲ್ಲ. ಡಿಸೆಂಬರಿನ ಒಂದು ಶನಿವಾರ ಅವನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ತರಗತಿಯವರ ಘನಗಳ ಮೇಲೆ ಒಂದೊಂದಾಗಿ ಅರ ಆಡಿಸಿ, ಯಾವ ಮೂಲೆ ಉಬ್ಬಿದೆ ಎಂದು ಕೇಳಿದೆ. ಇಪ್ಪತ್ತು ಸಲದಲ್ಲಿ ಹದಿನೇಳು ಸಲ ಸರಿ ಹೇಳಿದ. ನಾನು ಗೋಡೆಗೆ ನಿಂತಾಗ ನನ್ನದು ನಾಲ್ಕು. ದಿನಚರಿಯಲ್ಲಿ ಆ ದಿನದ ಕೆಳಗೆ ಏನೋ ಹೊಗಳಿಕೆ ಬರೆಯಹೊರಟು ಸಾಲದೆನಿಸಿ, ಹದಿನೇಳರ ಸುತ್ತ ಒಂದು ವೃತ್ತ ಎಳೆದೆ.

ಮಾರ್ಚಿನಲ್ಲಿ ಮದ್ರಾಸಿನಿಂದ ಪರೀಕ್ಷಕರು ಬಂದರು. ಸೆಕೆಗೆ ಕೋಟಿನ ಕಂಕುಳು ಒದ್ದೆಯಾಗಿ, ಸಿಟ್ಟಿನಲ್ಲಿಯೇ ಒಳಬಂದಂತಿದ್ದರು. ಒಬ್ಬೊಬ್ಬನೂ ತನ್ನ ಘನವನ್ನು ಮೂಲೆಮಟ್ಟಕ್ಕೆ ಹಿಡಿದು ತೋರಿಸಬೇಕು. ಗೆಳೆಯನ ಸರದಿ ಬಂದಾಗ ಅವನು ಜೇಬಿನಿಂದ ಹಾಳೆ ತೆಗೆದ.

"ಏನದು? ಕೈಯಲ್ಲಿ ಹಿಡಿ," ಎಂದು ಪರೀಕ್ಷಕರು ಇಂಗ್ಲಿಷಿನಲ್ಲಿ ಗದರಿದರು.

ಅವನು ಕೈ ಹಿಂದೆ ಕಟ್ಟಿಕೊಂಡ. ಉದ್ಧಟತನವೆಂದು ಅವರ ಮುಖ ಇನ್ನಷ್ಟು ಕೆಂಪಾಯಿತು. ಮೇಸ್ತ್ರಿ ಮುಂದೆ ಬಂದು, ಇವನು ಮುಟ್ಟಿದರೆ ತುಕ್ಕು ಹಿಡಿಯುತ್ತದೆ ಎಂದು ವಿವರಿಸಿದರು. ಪರೀಕ್ಷಕರು ಇಂಥ ಕತೆಗಳನ್ನು ಬಹಳ ಕೇಳಿದ್ದೇನೆ ಎಂದು, ತಮ್ಮ ಪೆಟ್ಟಿಗೆಯಿಂದ ಫಳಫಳಿಸುವ ಸ್ಟೀಲಿನ ಅಳತೆಪಟ್ಟಿ ತೆಗೆದು ಮೇಜಿನ ಮೇಲಿಟ್ಟರು.

"ಒತ್ತು ಇದರ ಮೇಲೆ."

ಅವನು ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ಮೆಲ್ಲಗೆ, "ಒತ್ತು ಪುತಾ, ಅವರೇ ಕೇಳಿದ್ದಲ್ವಾ," ಎಂದರು. ಹೆಬ್ಬೆಟ್ಟು ಒತ್ತಿದ. ಅವನ ಘನವನ್ನು ಪರೀಕ್ಷಕರು ಅಂಕ ಹಾಕದೆ ಬದಿಗಿಟ್ಟರು.

ಸಂಜೆ ನಾಲ್ಕರವರೆಗೆ ನಾವು ಹದಿನೆಂಟೂ ಮಂದಿ ಹೊರಗೆ ಕುಳಿತೆವು. ಗೆಳೆಯ ಉಗುರು ಕಚ್ಚಿ ಮುಗಿಸಿ, ನನ್ನ ದಿನಚರಿ ಇಸಿದುಕೊಂಡು ಸುಮ್ಮನೆ ಪುಟ ತಿರುಗಿಸಿದ. ನಾಲ್ಕಕ್ಕೆ ಒಳಗೆ ಕರೆದರು. ಅಳತೆಪಟ್ಟಿಯ ಮೇಲೆ, ಐದು ಮತ್ತು ಆರು ಇಂಚಿನ ಗೆರೆಗಳ ನಡುವೆ, ಹೆಬ್ಬೆಟ್ಟು ಕೆಂಪಗೆ ಮೂಡಿತ್ತು. ಪರೀಕ್ಷಕರು ಅದನ್ನು ಕರವಸ್ತ್ರದಿಂದ ಉಜ್ಜಿ ನೋಡಿದರು, ಹೋಗಲಿಲ್ಲ. ಆಮೇಲೆ ತಾವೇ ಹಾಳೆಯಲ್ಲಿ ಅವನ ಘನವನ್ನು ಹಿಡಿದು ಕಿಟಕಿಯ ಬಳಿ ಹೋದರು. ಆರು ಮುಖ, ಹನ್ನೆರಡು ಅಂಚು. ಬೆಳಕಿನ ಒಂದು ಎಳೆಯೂ ನುಸುಳಲಿಲ್ಲ. ಅಳತೆ ಸರಿಯಾಗಿ ಒಂದು ಇಂಚು. ಎಂಟು ತಿಂಗಳಲ್ಲಿ ಇದನ್ನು ಎಷ್ಟು ಸಲ ಮುಟ್ಟಿದ್ದಿ ಎಂದು ಕೇಳಿದರು.

"ದೀಪಾವಳಿಯಿಂದ ಈಚೆಗೆ ಒಂದು ಸಲವೂ ಇಲ್ಲ ಸಾರ್."

ಪರೀಕ್ಷಕರು ತರಗತಿಯಲ್ಲೇ ಅತಿ ಹೆಚ್ಚಿನ ಅಂಕ ಬರೆದರು.

ಗೆಳೆಯ ಮೇಸ್ತ್ರಿಯಲ್ಲಿ ಕೇಳಿದ್ದು ಒಂದೇ: ಘನವನ್ನು ಒಂದು ದಿನಕ್ಕೆ ಮನೆಗೆ ಒಯ್ಯಬಹುದೇ? ಒಂದು ತುಂಡು ಕಬ್ಬಿಣಕ್ಕೆ ಇಷ್ಟು ತಿಂಗಳು ಬೇಕಾ ಎಂದು ಅಮ್ಮ ಕೇಳುತ್ತಿದ್ದರಂತೆ. ಶಾಲೆಯ ಸ್ವತ್ತು ಹೊರಗೆ ಹೋಗಬಾರದು. ಮೇಸ್ತ್ರಿ ಬೀರುವಿನ ಬೀಗ ಹಾಕುವುದನ್ನು ಮರೆತವರಂತೆ ಹೊರಗೆ ಹೋದರು.

ಮರುದಿನ ಅದನ್ನು ಹಾಳೆಯಲ್ಲಿ ಸುತ್ತಿ ತಂದ. ಬಿಚ್ಚಿದರೆ ಘನ ಪೂರ್ತಿ ಕೆಂಪು. ಅವರ ಮನೆಯಲ್ಲಿ ಎಲ್ಲರ ಕೈಯೂ ಹಾಗೆಯೇ! ದೊಡ್ಡ ಬೆರಳು, ಸಣ್ಣ ಬೆರಳು. ಎಣಿಸಲು ಹೋಗಿ ಇಪ್ಪತ್ತಮೂರಕ್ಕೆ ಲೆಕ್ಕ ತಪ್ಪಿತು.

"ಬೇಡ ಬೇಡ ಹೇಳಿದೆ ಮಾರಾಯ. ಎಲ್ಲರಿಗೂ ಹಿಡಿದೇ ನೋಡ್ಬೇಕಂತೆ. ಅಪ್ಪ ಎರಡು ಸಲ ನೋಡಿದ್ರು," ಎಂದ. ಮತ್ತೆ ಮೇಸ್ತ್ರಿಯ ಕಡೆ ತಿರುಗಿ, "ಉಜ್ಜಿ ತೆಗೀಲಾ ಸಾರ್?"

ಮೇಸ್ತ್ರಿ ಘನವನ್ನು ಹಾಗೆಯೇ ಬೀರುವಿನ ಮೇಲಿನ ಹಲಗೆಯಲ್ಲಿಟ್ಟು ಬೀಗ ಹಾಕಿದರು.

"ಮುಟ್ಟಬೇಡ ಅದನ್ನು. ಮೆಶಿನ್ ಶಾಪಿನಲ್ಲಿ ಗಂಟೆ ಆಯ್ತು, ಓಡು."