ಕೇತಮ್ಮ ಹೇಳಿದ್ದು, ನಾನು ತಿರುಚಿದ್ದು

ಕೇತಮ್ಮ ಆ ದಿನ ಪೋಲೀಸರ ಮುಂದೆ ಹೇಳಿದ್ದು ನಿಜ. ಅದನ್ನು ತಮಿಳಿನಲ್ಲಿ ಅವರಿಗೆ ತಿಳಿಸುವಾಗ ನಾನು ಸುಳ್ಳು ಮಾಡಿದೆ. ಅವಳ ಗಂಡ ಜಡಿಯನನ್ನು ಕೊಂದದ್ದು ಕಾಡುಹಂದಿಯಲ್ಲ. ಕುಡಿದು ಗಾಡಿ ಓಡಿಸಿದ ನನ್ನ ತಮ್ಮ ಮಾದೇಶ — ಮತ್ತು ಕುಡಿದಿದ್ದಾನೆಂದು ಗೊತ್ತಿದ್ದೂ ಅವನ ಕೈಗೆ ಕೀ ಕೊಟ್ಟ ನಾನು.

ಎಂಟು ವರ್ಷವಾಯಿತು. ಈ ವರ್ಷದವರೆಗೂ ಬಾಯಿ ಬಿಡಲಿಲ್ಲ.

ನಾನು ತಮಿಳುನಾಡಿಗೆ ಸೇರಿದ ತಾಳವಾಡಿ ಹತ್ತಿರದ ಒಂದು ಹಳ್ಳಿಯಲ್ಲಿ ಬಾಲವಾಡಿ ಟೀಚರು. ಅರ್ಜಿ ಬರೆಯಬೇಕಾದರೆ, ಆಫೀಸಿನಲ್ಲಿ ತಮಿಳಿನಲ್ಲಿ ಮಾತನಾಡಬೇಕಾದರೆ ಊರಿನವರು ನನ್ನನ್ನು ಕರೆದುಕೊಂಡು ಹೋಗುತ್ತಾರೆ. ರತ್ನ ಟೀಚರು ಹೇಳಿದರೆ ಸರಿ ಇರುತ್ತದೆ ಎನ್ನುತ್ತಾರೆ. ಆ ನಂಬಿಕೆಯನ್ನೇ ನಾನು ಬಳಸಿಕೊಂಡದ್ದು.

ಕೇತಮ್ಮ, ಜಡಿಯ ತಾಳಮಲೆ ಕಡೆಯ ಕಾಡಿನ ಜನ. ಆಗ ನಮ್ಮ ತಮ್ಮನ ಹೊಲದಲ್ಲೇ ಗುಡಿಸಲು ಹಾಕಿಕೊಂಡು ಕೂಲಿ ಮಾಡುತ್ತಿದ್ದರು. ಹತ್ತು ವರ್ಷದ ಮಗಳು ಮಾದೇವಿ ನನ್ನ ಬಾಲವಾಡಿಯಲ್ಲಿ ಅಕ್ಷರ ಕಲಿತವಳು. ಜಡಿಯ ಮಾತು ಕಡಿಮೆಯ ಮನುಷ್ಯ. ಹೊಲದ ಬದುವಿನಲ್ಲಿ ನಿಂತು ಗಾಳಿ ಮೂಸಿ, ಇವತ್ತು ಆನೆ ಈ ಕಡೆ ಬರುತ್ತದೆ, ಬರುವುದಿಲ್ಲ ಎಂದು ಹೇಳುತ್ತಿದ್ದ. ನಾವು ಅದನ್ನು ನಂಬಿ ಮಲಗುತ್ತಿದ್ದೆವು.

ಮಾದೇಶನ ಮಗುವಿಗೆ ಕಿವಿ ಚುಚ್ಚಿಸುವ ಶಾಸ್ತ್ರ ತಿಗನಾರೆಯಲ್ಲಿ, ಅವನ ಮಾವನ ಮನೆಯಲ್ಲಿ ನಡೆಯಿತು. ಅಡುಗೆಗೆ ಕೈ ಜೋಡಿಸಲು ಕೇತಮ್ಮ, ಜಡಿಯ ಬಂದಿದ್ದರು. ಮಾದೇಶ ತನ್ನ ಪಿಕಪ್ ಗಾಡಿಯ ಕೀಯನ್ನು ಬೆಳಿಗ್ಗೆಯೇ ನನ್ನ ಕೈಗೆ ಕೊಟ್ಟು ಓಡಾಟದಲ್ಲಿ ತೊಡಗಿದ್ದ. ಮಧ್ಯಾಹ್ನ ಊಟವಾಯಿತು. ಭಾವಮೈದುನರ ಜೊತೆ ಹಿತ್ತಿಲಿಗೆ ಹೋದವನು ಮೂರು ಗಂಟೆಗೆ ಬಂದ. ಕಣ್ಣು ಕೆಂಪಗಿದ್ದವು. ವಾಸನೆ ನನ್ನ ಮೂಗಿಗೆ ಹೊಡೆಯಿತು — ಗೊತ್ತಾಗಲಿಲ್ಲ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳು.

"ಕೀ ಕೊಡಕ್ಕ, ಒತ್ತಾಯ್ತು," ಎಂದ.

ಪಾತ್ರೆಗಳನ್ನು ಗಾಡಿಗೆ ಏರಿಸುತ್ತಿದ್ದ ಕೇತಮ್ಮ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಟೀಚರಕ್ಕ, ಅಣ್ಣ ಕುಡ್ದದ. ನಾವು ಬಸ್ಸಲ್ಲಿ ಓಯ್ತೀವಿ ಬುಡಿ."

ಸುತ್ತ ನೆಂಟರು ನಿಂತಿದ್ದರು. ಕೂಲಿಯವಳು ನನ್ನ ತಮ್ಮನನ್ನು ಕುಡುಕ ಅಂದಳಲ್ಲ ಎಂದು ನನಗೆ ಮುಖ ಬಿಸಿಯಾಯಿತು. ಆ ಕ್ಷಣಕ್ಕೆ ಮಾನವೇ ದೊಡ್ಡದಾಗಿ ಕಂಡಿತು.

"ಸುಮ್ನ ಅತ್ತಿ ಕೂತ್ಕೊ ಕಣವ್ವ. ಏನೂ ಆಗಲ್ಲ. ಅವನು ದಿನಾ ಓಡ್ಸೋ ರೋಡು," ಎಂದೆ. ಕೀ ಕೊಟ್ಟೆ.

ಅವರಿಬ್ಬರೂ ಹಿಂದೆ, ಪಾತ್ರೆಗಳ ನಡುವೆ ಕುಳಿತರು. ನಾನು ಮುಂದೆ ಕುಳಿತೆ. ದಾರಿ ಖಾಲಿ ಇತ್ತು, ಬಿಸಿಲು ಚೆನ್ನಾಗಿತ್ತು. ಮೋರಿಯ ಹತ್ತಿರದ ತಿರುವಿನಲ್ಲಿ ಮಾದೇಶ ಗಾಡಿಯನ್ನು ತಿರುಗಿಸಲೇ ಇಲ್ಲ. ತಿರುವು ಇದೆ ಎನ್ನುವುದೇ ನೆನಪಿಲ್ಲದವನ ಹಾಗೆ ನೇರ ಹೋದ. ಗಾಡಿ ಹಳ್ಳಕ್ಕೆ ಮಗುಚಿತು. ನನಗೆ ಮೊಣಕೈ ತರಚಿತ್ತು, ಅಷ್ಟೇ. ಜಡಿಯ ಮೋರಿಯ ಕಲ್ಲಿನ ಮೇಲೆ ಬಿದ್ದಿದ್ದ. ಕೇತಮ್ಮ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೆಸರು ಹಿಡಿದು ಕರೆಯುತ್ತಿದ್ದಳು.

ನಾನು ಮೊದಲು ಓಡಿದ್ದು ಅವರ ಹತ್ತಿರಕ್ಕಲ್ಲ. ಮಾದೇಶನ ತೋಳು ಹಿಡಿದು, "ನೀನು ಒಲದ ಮೇಲೆ ಮನೆಗೋಗು. ನಾಳೆ ಬೆಳಿಗ್ಗೆವರೆಗೂ ಯಾರ ಕಣ್ಗೂ ಬೀಳಬ್ಯಾಡ," ಎಂದೆ. ಅವನು ಹೋದ. ಅವನು ಮರೆಯಾದ ಮೇಲೆ ನಾನು ರಸ್ತೆಗೆ ಬಂದು ಬೇರೆ ಗಾಡಿಗೆ ಕೈ ಅಡ್ಡ ಹಿಡಿದೆ. ಆ ಹೊತ್ತು ಎಷ್ಟಾಗಿತ್ತೋ, ಅಷ್ಟು ತಡ ಮಾಡದಿದ್ದರೆ ಜಡಿಯ ಉಳಿಯುತ್ತಿದ್ದನೋ... ಗೊತ್ತಿಲ್ಲ. ಆಸ್ಪತ್ರೆ ಮುಟ್ಟುವ ಮೊದಲೇ ಅವನ ಉಸಿರು ನಿಂತಿತ್ತು.

ಸಂಜೆ ಆಸ್ಪತ್ರೆಯ ಜಗಲಿಯಲ್ಲಿ ಪೋಲೀಸಿನವರು ವಿಚಾರಿಸಿದರು. ಬಂದವರು ಬೆಟ್ಟದ ಕೆಳಗಿನ ತಮಿಳು ಸೀಮೆಯಿಂದ ಹೊಸದಾಗಿ ಬಂದ ಅಧಿಕಾರಿ, ಕನ್ನಡ ಬಾರದು. ಕೇತಮ್ಮ ಗೋಡೆಗೆ ಒರಗಿ ಕುಳಿತಿದ್ದಳು. ಸೀರೆಯ ಮೇಲೆ ರಕ್ತ ಒಣಗಿತ್ತು. ಅವರು ಕೇಳಿದ್ದಕ್ಕೆ ಸ್ಪಷ್ಟವಾಗಿ ಹೇಳಿದಳು: "ಆ ಅಣ್ಣ ಕುಡ್ದಿತ್ತು ಸಾಮಿ. ಬ್ಯಾಡ ಅಂತ ನಾನು ಮೊದ್ಲೇ ಯೇಳ್ದಿ."

ಅಧಿಕಾರಿ ನನ್ನ ಕಡೆ ತಿರುಗಿದರು. "ಅವಂಗ ಎನ್ನ ಸೊಲ್ರಾಂಗ?" ಅವಳು ಏನು ಹೇಳುತ್ತಿದ್ದಾಳೆ ಎಂದು.

"ಪನ್ನಿ ಕುರುಕ್ಕೆ ವಂದುದಾಂ ಸಾರ್," ಎಂದೆ. ಹಂದಿ ಅಡ್ಡ ಬಂತಂತೆ.

ನನ್ನ ನಾಲಿಗೆ ತಡವರಿಸಲಿಲ್ಲ. ನಮ್ಮ ಕಡೆ ಹಂದಿ ಎಂದರೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಬೆಳೆ ತಿನ್ನುವುದು ಅದೇ, ರಸ್ತೆಗೆ ನುಗ್ಗುವುದೂ ಅದೇ. ಅವರು ಬರೆದುಕೊಂಡರು. ಕೇತಮ್ಮನ ಹೆಬ್ಬೆಟ್ಟು ಹಿಡಿದು ಕಾಗದದ ಮೇಲೆ ಒತ್ತಿಸಿದವಳೂ ನಾನೇ.

ಆಮೇಲೆ ಅವಳು ಒಂದಿಬ್ಬರ ಹತ್ತಿರ ನಿಜ ಹೇಳಿದಳಂತೆ. ದುಃಖದಲ್ಲಿ ಏನೇನೋ ಅಂತಾಳೆ ಎಂದರು ಜನ. ಕ್ರಮೇಣ ಸುಮ್ಮನಾದಳು, ಮಗಳನ್ನು ಕರೆದುಕೊಂಡು ಕಾಡಿನಂಚಿನ ತನ್ನ ಹಾಡಿಗೆ ಹೋದಳು. ನಾನು ತಮ್ಮನನ್ನು ಉಳಿಸಿದೆ ಎಂದುಕೊಂಡೆ. ಉಳಿಸಿದೆನೇ? ಮೂರು ತಿಂಗಳು ಅವನು ಬಾಟಲಿ ಮುಟ್ಟಲಿಲ್ಲ. ಆಮೇಲೆ ಮೊದಲಿಗಿಂತ ಹೆಚ್ಚು ಕುಡಿದ. ಅವನು ಗಾಡಿ ತೆಗೆದುಕೊಂಡು ಹೋದ ದಿನ ಅವನ ಹೆಂಡತಿ, ನನ್ನ ನಾದಿನಿ, ಅನ್ನ ಬಡಿಸಿಕೊಂಡು ತಟ್ಟೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದಳು, ಫೋನು ಬಂದರೆ ಎತ್ತಲು ಹೆದರುತ್ತಿದ್ದಳು. ಅವನ ಮಗು ಅಪ್ಪನ ಗಾಡಿಯ ಸದ್ದು ಕೇಳಿ ಇವತ್ತು ಕುಡಿದಿದ್ದಾನೋ ಇಲ್ಲವೋ ಹೇಳುವುದನ್ನು ಕಲಿಯಿತು. ಆ ದಿನ ಶಿಕ್ಷೆಯಾಗಿದ್ದರೆ — ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ. ತಪ್ಪಿಸಿದ್ದರಿಂದ ಏನಾಯಿತೆಂದು ಮಾತ್ರ ಗೊತ್ತು.

ಈ ವರ್ಷ ಯುಗಾದಿ ಕಳೆದ ಮೇಲೆ, ಒಂದು ಶನಿವಾರ. ಕೋಸು ಕೀಳಲು ಬಂದಿದ್ದ ಹೆಂಗಸರನ್ನು ಮಾದೇಶ ಸಂಜೆ ತಾಳಮಲೆ ಕಡೆ ಬಿಡಬೇಕಿತ್ತು. ಹನ್ನೆರಡು ಜನ ಪಿಕಪ್ಪಿನ ಹಿಂದೆ ಹಗ್ಗ ಹಿಡಿದು ನಿಂತಿದ್ದರು. ಅವರಲ್ಲಿ ಮಾದೇವಿಯೂ ಇದ್ದಳು, ಹದಿನೆಂಟರ ಹುಡುಗಿ. ಬಾಲವಾಡಿಗೆ ಬೀಗ ಹಾಕಿ ಬರುತ್ತಿದ್ದ ನನಗೆ ಅವನು ಗಾಡಿ ಹತ್ತಲು ಎರಡು ಸಲ ಕಾಲು ಜಾರಿದ್ದು ಕಂಡಿತು. ಓಡಿಹೋಗಿ ಬಾಗಿಲು ತೆಗೆದು, ಕೀ ಕಿತ್ತುಕೊಂಡೆ.

"ನಿಂಗೇನ್ಲಾ ಬಂದದ? ಇಳಿ ಕೆಳಕ," ಎಂದೆ.

ಅವನು ಒಂದು ಗಳಿಗೆ ನನ್ನನ್ನೇ ನೋಡಿದ. ನಕ್ಕ. "ಅವತ್ತು ನೀನೇ ಕೊಟ್ಟಲ್ಲಕ್ಕ ಕೀಯ. ನೀನೇ ಓಡೋಗು ಅಂದದ್ದು. ಇವತ್ತೇನು ದೊಡ್ಡ ಮನ್ಸಳಾಗ್ಬುಟ್ಟ?"

ಗಾಡಿಯ ಮೇಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು.

"ಯಾವತ್ತು ಟೀಚರಕ್ಕ?" ಎಂದಳು ಮಾದೇವಿ.

ನಾನು ಕೀಯನ್ನು ಸೆರಗಿಗೆ ಗಂಟು ಹಾಕಿದೆ. ಅವಳು ಕೆಳಗಿಳಿದು ನಡೆದೇ ಹೊರಟಳು. ಉಳಿದವರೂ ಒಬ್ಬೊಬ್ಬರಾಗಿ ಇಳಿದರು.

ಮರುದಿನ ಬೆಳಿಗ್ಗೆ ನಾನು ಹಾಡಿಗೆ ಹೋದೆ. ಕೇತಮ್ಮ ಅಂಗಳದಲ್ಲಿ ಸೀಗೆಕಾಯಿ ಹರಡುತ್ತಿದ್ದಳು. ಕೂರಿ ಎನ್ನಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ — ಕೀ, ತಮ್ಮನನ್ನು ತಪ್ಪಿಸಿ ಕಳಿಸಿದ್ದು, ತಮಿಳಿನ ಮಾತು. ಮಾದೇವಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

ಕೇತಮ್ಮ ಕೈ ನಿಲ್ಲಿಸಲಿಲ್ಲ. "ನೀವು ತಮಿಳ್ನಲ್ಲಿ ಅಂದದ್ದು ನಂಗ ಅವತ್ತೇ ತಿಳೀತು ಟೀಚರಕ್ಕ. ಪನ್ನಿ ಅಂದ್ರ ಅಂದಿ ಅಂತ ಗೊತ್ತಿಲ್ವಾ ನಂಗ?"

"ಮತ್ತ ಯಾಕ ಸುಮ್ನಾದೆ ಕೇತಮ್ಮ?"

"ಅವನ ಎಣ ಆಸ್ಪತ್ರೆ ಒಳಗ ಇತ್ತು. ನೀವು ಬುಟ್ಟೋದ್ರ ಕಾಗ್ದ ಬರ್ಸಿ ಎಣ ಮನೀಗ ತರೋರು ಯಾರು? ಆಮೇಲ ಈ ಮಗೀಗೂ ಯೇಳ್ನಿಲ್ಲ. ನಿಮ್ಮ ಒಲ್ದಲ್ಲೇ ಅವಳೂ ದುಡೀಬೇಕಲ್ಲ."

ನಾನು ತಪ್ಪಾಯಿತು ಎಂದೆ. ಎಷ್ಟು ಸಣ್ಣ ಮಾತು ಅದು.

ಅವಳು ಆಗ ತಲೆ ಎತ್ತಿದಳು. "ನನ್ನತ್ರ ಯಾಕ ಯೇಳ್ತೀರಿ? ನಂಗ ಗೊತ್ತಿರೋದು. ಗೊತ್ತಿಲ್ದೋರ್ಗ ಯೇಳಿ."

ಗೊತ್ತಿಲ್ಲದವರಿಗೆ ಹೇಳಿದೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿ ಹೇಳಿದೆ, ಠಾಣೆಯಲ್ಲಿ ತಮಿಳಿನಲ್ಲಿ ಬರೆದುಕೊಟ್ಟು ಸಹಿ ಮಾಡಿದೆ. ಇದರಿಂದ ನಿಮ್ಮ ಮೇಲೂ ಕೇಸು ಬರಬಹುದು, ಕೆಲಸಕ್ಕೂ ಕುತ್ತು ಎಂದರು ವಕೀಲರು. ಬರಲಿ. ಮಾದೇಶ ನನ್ನ ಮನೆಯ ಕಡೆ ಬರುವುದನ್ನು ಬಿಟ್ಟಿದ್ದಾನೆ. ನಾದಿನಿ ಮಾತ್ರ ಒಂದು ದಿನ ಬಂದು ನನ್ನ ಪಕ್ಕ ಸ್ವಲ್ಪ ಹೊತ್ತು ಕೂತು ಹೋದಳು.

ಈಗ ಪ್ರತಿ ಶನಿವಾರ ಸಂಜೆ ನಾನು, ಇನ್ನೂ ನಾಲ್ಕು ಜನ ಹೆಂಗಸರು ಕೂಲಿ ಗಾಡಿಗಳು ಹೊರಡುವ ರಸ್ತೆಯಲ್ಲಿ ನಿಲ್ಲುತ್ತೇವೆ. ಡ್ರೈವರ್ ಕುಡಿದಿದ್ದರೆ ಗಾಡಿ ಹೊರಡುವುದಿಲ್ಲ. ಬೈಯುತ್ತಾರೆ. "ನೀನೇನು ಸಾಚಾನಾ?" ಎಂದು ಮುಖದ ಮೇಲೆ ಕೇಳುತ್ತಾರೆ. ಅಲ್ಲ ಎನ್ನುತ್ತೇನೆ, ಆದರೆ ರಸ್ತೆ ಬಿಡುವುದಿಲ್ಲ. ಮಳೆ ಬಂದರೂ ನಿಲ್ಲುತ್ತೇನೆ, ಕೆಲಸ ಹೋದರೂ ನಿಲ್ಲುತ್ತೇನೆ.

ಮಾದೇವಿ ನನ್ನ ಜೊತೆ ಮಾತನಾಡುವುದಿಲ್ಲ. ಮಾತನಾಡಲಿ ಎಂದು ಕೇಳುವ ಹಕ್ಕು ನನಗಿಲ್ಲ. ಆದರೆ ನಾನು ಕೈ ಅಡ್ಡ ಹಿಡಿದು ಗಾಡಿ ನಿಲ್ಲಿಸಿದಾಗ, ಹಿಂದಿನಿಂದ ಮೊದಲು ಕೆಳಗೆ ಧುಮುಕುವವಳು ಅವಳೇ.